ತಾನೇ ಮೇಲೆದ್ದ ಜೋಲಿ

ಗಾಳಿ ಎದ್ದಾಗ ಮನೆಯವರೆಲ್ಲ ಒಣಹಾಕಿದ ಬಟ್ಟೆಗೆ ಓಡುತ್ತಾರೆ, ಕಣದ ರಾಶಿಗೆ ಓಡುತ್ತಾರೆ. ನಾನು ಹಿತ್ತಿಲಿಗೆ ಹೋಗಿ ಸೂರಿನ ಅಂಚು ನೋಡುತ್ತೇನೆ. ಕಲ್ಲು ಇದ್ದ ಜಾಗದಲ್ಲೇ ಇವೆಯೇ, ಹಗ್ಗ ಬಿಗಿಯಾಗಿದೆಯೇ ಎಂದು ಒಂದೊಂದನ್ನೂ ಕೈಯಿಂದ ಮುಟ್ಟಿ ಬರುತ್ತೇನೆ. ಸೊಸೆಯಂದಿರು ಸೆರಗು ಬಾಯಿಗಿಟ್ಟುಕೊಂಡು ನಗುತ್ತಾರೆ. "ಅತ್ತೆಗೆ ಮನೆ ಎಲ್ಲಿ ಹಾರಿ ಹೋಗ್ತೈತೋ ಅಂತ" ಎನ್ನುತ್ತಾರೆ. ನಗಲಿ. ನಗುವುದಕ್ಕೆ ತಲೆಯ ಮೇಲೆ ಒಂದು ಸೂರು ಇದೆಯಲ್ಲ, ಅದೂ ದೇವರು ಕೊಟ್ಟಿದ್ದೇ.

ನಾನು ಹುಟ್ಟಿದ್ದು ಮೊಳಕಾಲ್ಮೂರಿನಲ್ಲಿ. ಬಂಡೆಗುಡ್ಡದ ಮಗ್ಗುಲಿಗೆ ಅಂಟಿಕೊಂಡ ಮನೆ. ಗಾಳಿ ಬಂದರೂ ಬಂಡೆಗೆ ಹಾಯ್ದು ಆ ಕಡೆ ಈ ಕಡೆ ಸರಿದು ಹೋಗುತ್ತಿತ್ತು. ನಮಗೆ ಕೇಳುತ್ತಿದ್ದುದು ಬೀದಿಯ ಮಗ್ಗಗಳ ಸದ್ದು ಮಾತ್ರ. ಅಪ್ಪ ಜಗುಲಿಯ ಮೇಲೆ ಕೇರಿಯ ಮಕ್ಕಳಿಗೆ ಅಕ್ಷರ ಹೇಳಿಕೊಡುತ್ತಿದ್ದರು. ಹೆಣ್ಣುಮಗಳೆಂದು ನನ್ನನ್ನು ಎಬ್ಬಿಸಿ ಕಳಿಸಲಿಲ್ಲ. ಇವತ್ತು ಇಷ್ಟು ಬರೆಯುತ್ತಿರುವುದು ಆ ಪುಣ್ಯದಿಂದ. ಅವ್ವ ಮಾತ್ರ ನನಗೆ ಬುದ್ಧಿ ಬರುವ ಮೊದಲೇ ಹೋಗಿಬಿಟ್ಟಿದ್ದಳು.

ಮದುವೆಯಾಗಿ ಬಂದದ್ದು ಚಳ್ಳಕೆರೆ ಸೀಮೆಗೆ, ಉಳ್ಳಾರ್ತಿ ಕಾವಲಿನ, ಎಂದರೆ ದನ ಮೇಯುವ ಹುಲ್ಲುಬಯಲಿನ, ಅಂಚಿನ ಒಂದು ಹಳ್ಳಿಗೆ. ನಮ್ಮ ಹಿತ್ತಿಲು ದಾಟಿದರೆ ಪಡುವಲಿಗೆ ಬರೀ ಹುಲ್ಲು. ಮರವಿಲ್ಲ, ಗುಡ್ಡವಿಲ್ಲ, ದನಗಳ ಬೆನ್ನು ಬಿಟ್ಟರೆ ಕಣ್ಣಿಗೆ ಎತ್ತರವಾದದ್ದು ಏನೂ ಇಲ್ಲ. ಗಾಳಿ ಅಷ್ಟು ದೂರದಿಂದ ಯಾರ ತಡೆಯೂ ಇಲ್ಲದೆ ಬಂದು ಮೊದಲು ಮುಟ್ಟುತ್ತಿದ್ದುದೇ ನಮ್ಮ ಹಿತ್ತಿಲ ಗೋಡೆಯನ್ನು. ಬಂದ ಮೊದಲ ಆಷಾಢದಲ್ಲಿ ನಾನು ಕಿವಿಗೆ ಹತ್ತಿ ಇಟ್ಟುಕೊಂಡು ರೊಟ್ಟಿ ತಟ್ಟುತ್ತಿದ್ದೆ.

ಆದರೆ ನಮ್ಮತ್ತೆಗೆ ಗಾಳಿಯ ಭಯವಿರಲಿಲ್ಲ. ಅವರಿಗಿದ್ದದ್ದು ಮಳೆಯ ಭಯ. ಅದಕ್ಕೆ ಕಾರಣವಿತ್ತು.

ಆಗ ನಮ್ಮ ಕಡೆಯ ಮನೆಗಳೆಲ್ಲ ಮಣ್ಣಿನ ಮಾಳಿಗೆಯವು. ಗೋಡೆಯಿಂದ ಗೋಡೆಗೆ ತೊಲೆ, ತೊಲೆಯ ಮೇಲೆ ಜಂತೆ, ಜಂತೆಯ ಮೇಲೆ ಬಂದರೆ ಗಿಡದ ಸೊಪ್ಪು ಹಾಸಿ, ಅದರ ಮೇಲೆ ಮೊಣಕೈಯುದ್ದ ಚೌಳುಮಣ್ಣು ಹಾಕಿ ತುಳಿಯುತ್ತಿದ್ದರು. ಬೇಸಿಗೆಗೆ ತಣ್ಣಗೆ, ಚಳಿಗೆ ಬೆಚ್ಚಗೆ. ಗಾಳಿ ಎಷ್ಟು ಬೀಸಿದರೂ ಅದು ಕದಲುತ್ತಿರಲಿಲ್ಲ, ಅಷ್ಟು ಭಾರ. ಆ ಭಾರವೇ ಅದರ ಕೇಡು ಕೂಡ. ಮೂರು ದಿನ ಜಡಿಮಳೆ ಹಿಡಿದರೆ ಮಣ್ಣು ನೀರು ಕುಡಿದು ತೂಕ ಏರಿ, ಗೆದ್ದಲು ತಿಂದ ಜಂತೆ ಲಟಕ್ಕೆಂದು, ಇಡೀ ಮಾಳಿಗೆ ಕೆಳಗೆ ಕೂತುಬಿಡುತ್ತಿತ್ತು. ನಮ್ಮತ್ತೆಯ ಚೊಚ್ಚಲ ಮಗಳು, ಮೂರು ತಿಂಗಳ ಕೂಸು, ಹೋದದ್ದು ಹಾಗೆ. ಅತ್ತೆ ನೀರಿಗೆಂದು ಬಾಗಿಲ ಹೊರಗೆ ಕಾಲಿಟ್ಟಿದ್ದರಂತೆ, ಅಷ್ಟೇ.

ಅದಾದ ಮೇಲೆ ಮಳೆಗಾಲ ಬಂದರೆ ಆ ಮನೆಯಲ್ಲಿ ಮೂರು ಕೆಲಸ ತಪ್ಪುತ್ತಿರಲಿಲ್ಲ. ಮೋಡ ಕಂಡ ಕೂಡಲೇ ಮಾಳಿಗೆಯ ಮೇಲಿನ ಭಾರವೆಲ್ಲ ಇಳಿಸಬೇಕು: ಹುಲ್ಲಿನ ಮೆದೆ, ಕುಳ್ಳು, ಕಲ್ಲು, ಒಂದು ಮಡಕೆ ಕೂಡ ಇರಬಾರದು. ತೊಲೆಗೆ ಕೆಳಗಿನಿಂದ ಕವೆಗೋಲು ಆನಿಸಬೇಕು. ಬಾಗಿಲು ತೆರೆದಿಡಬೇಕು, ಮಣ್ಣು ಉದುರಿದ ಸದ್ದಾದರೆ ಹೊರಗೆ ಓಡಲು. ಈ ಮೂರನ್ನೂ ಅತ್ತೆ ದೇವರಿಗೆ ದೀಪ ಹಚ್ಚಿದಷ್ಟು ನಿಷ್ಠೆಯಿಂದ ಮಾಡುತ್ತಿದ್ದರು. ಮನೆಗೆ ಮೂರು ಸಲ ಅದರಿಂದ ಒಳ್ಳೆಯದೇ ಆಗಿತ್ತು ಎಂದು ಮಾವ ಹೇಳುತ್ತಿದ್ದರು.

ನಾನು ಬಸುರಿಯಾದಾಗ ತವರಿನಲ್ಲಿ ಬಾಣಂತನ ಮಾಡಲು ಅವ್ವ ಇರಲಿಲ್ಲ. ಅತ್ತೆಯೇ "ನಾನು ಮಾಡ್ತೀನಿ ಬಿಡು" ಎಂದರು. ಆದರೆ ಒಂದು ಹಟ ಹಿಡಿದರು: "ನನ್ನ ಮೊಮ್ಮಗು ಮಣ್ಣಿನ ಕೆಳಗೆ ಮಲಗೋದು ಬ್ಯಾಡ."

ಮಾವ ನಕ್ಕರು. "ಇನ್ನೇನು, ಗಿಡದ ಕೆಳಗೆ ಮಲಗಿಸ್ತೀಯಾ?"

"ತಗಡು ಹಾಕಿಸ್ರಿ. ರಾಯದುರ್ಗದಾಗೆ ರೈಲಿನೋರೆಲ್ಲಾ ತಗಡಿನ ಕೆಳಗೇ ಇರ್ತಾರಂತೆ. ಬಿದ್ರೂ ಒಂದು ಹಾಳೆ ಬೀಳ್ತೈತೆ, ಗುಡ್ಡ ಬೀಳೋದಿಲ್ಲ."

ಆಗ ರಾಯದುರ್ಗಕ್ಕೆ ರೈಲು ಬಂದು ಬಹಳ ವರ್ಷವಾಗಿರಲಿಲ್ಲ. ಮಾವ ಗಾಡಿ ಕಟ್ಟಿಕೊಂಡು ಹೋಗಿ, ಬಳುಕು ಬಳುಕಾದ ಹಳೆಯ ತಗಡುಗಳನ್ನು ಹುಲ್ಲಿನ ನಡುವೆ ಇಟ್ಟು ತಂದರು. ಊರಿನಲ್ಲಿ ಅವೇ ಮೊದಲ ತಗಡು. ನೋಡಲು ಬಂದವರು ಬೆರಳಿನಿಂದ ಬಾರಿಸಿ, ಅದರ ಸದ್ದಿಗೆ ಹೆದರಿ ಹಿಂದೆ ಸರಿದರು.

ಹಿತ್ತಿಲಿನಲ್ಲಿ, ದೊಡ್ಡ ಮನೆಯಿಂದ ಹತ್ತು ಹೆಜ್ಜೆ ಆಚೆ, ಒಂದು ಕೋಣೆ ಎದ್ದಿತು. ಕಲ್ಲಿನ ಗೋಡೆ. ಕಾವಲಿನ ಕಡೆಗೆ, ಎಂದರೆ ಪಡುವಲಿಗೆ, ಬಾಗಿಲು. ಮೂಡಲಿಗೆ ಒಂದು ಸಣ್ಣ ಕಿಟಕಿ. ಬಾಗಿಲು ತೆರೆದರೆ ಬಲಕ್ಕೆ ದೊಡ್ಡ ಮನೆಯ ಹಿಂಬಾಗಿಲು ಕಾಣುತ್ತಿತ್ತು. ಕೆಲಸಕ್ಕೆ ರಾಂಪುರದ ಕಡೆಯಿಂದ ಒಬ್ಬ ಆಚಾರಿ ಬಂದಿದ್ದ. ಮನೆಯ ಮಾತು ತೆಲುಗು, ನಮ್ಮ ಜೊತೆ ಕನ್ನಡ, ಸಿಟ್ಟು ಬಂದರೆ ಎರಡೂ. ಅವನು ತಗಡು ಹೊಡೆದ ಮೇಲೆ ಕೆಳಗೆ ಇಳಿಯದೆ, ಚಪ್ಪಡಿ ಚೂರುಗಳನ್ನು ಮೇಲಕ್ಕೆ ಕೇಳಿ ಪಡೆದು, ಅಂಚಿನುದ್ದಕ್ಕೂ ಸಾಲಾಗಿ ಇಟ್ಟ. ಮೂಲೆಗಳಿಗೆ ಎರಡೆರಡು. ಅದು ಸಾಲದೆಂದು ದಪ್ಪ ಹಗ್ಗ ತಂದು ತಗಡಿನ ಮೇಲೆ ಅಡ್ಡಕ್ಕೆ ಹಾಯಿಸಿ, ಎರಡೂ ತುದಿಗೆ ಗುಂಡುಕಲ್ಲು ಕಟ್ಟಿ ಇಳಿಬಿಟ್ಟ.

ಅತ್ತೆ ಸೊಂಟದ ಮೇಲೆ ಕೈಯಿಟ್ಟುಕೊಂಡು ನೋಡುತ್ತಿದ್ದರು. "ಏನಪ್ಪಾ ಆಚಾರಿ, ಮೇಯಕ್ಕೆ ಬಿಟ್ಟ ತುಡುಗು ದನಕ್ಕೆ ಕೊರಳಿಗೆ ಕೊರಡು ಕಟ್ಟಿದಂಗೆ ಕಟ್ಟೀಯ. ನಮ್ಮ ಮನೆ ಎಲ್ಲಿಗಾದ್ರೂ ಓಡಿ ಹೋಗ್ತೈತಾ?"

"ಹೋಗ್ತೈತಮ್ಮಾ," ಎಂದ ಅವನು, ನಗದೆ. "ಕಾವಲು ಎದುರಿಗೈತೆ. ಗಾಳಿ ಇದನ್ನ ಎತ್ತಿಬಿಡ್ತೈತೆ."

"ಗಾಳಿ ನೂಕ್ತೈತೆ. ಎತ್ತೋದು ಹೆಂಗೆ? ಅದಕ್ಕೇನು ಕೈ ಐತಾ?"

ಆಚಾರಿ ಕೆಳಗಿಳಿದ. ಹೊಗೆಸೊಪ್ಪು ಕಟ್ಟಿದ್ದ ಕಾಗದವನ್ನು ಬಿಚ್ಚಿ, ಎರಡು ಬೆರಳು ಅಗಲದ ಪಟ್ಟಿಯಾಗಿ ಹರಿದ. ಅದರ ಒಂದು ತುದಿಯನ್ನು ಕೆಳತುಟಿಯ ಕೆಳಗೆ ಹಿಡಿದ. ಇನ್ನೊಂದು ತುದಿ ಗಡ್ಡದ ಮುಂದೆ ಜೋತುಬಿದ್ದಿತು. "ಚೂಡಮ್ಮಾ, ನೋಡಿಲ್ಲಿ, ನಾನು ಮೇಲೆ ಊದ್ತೀನಿ, ಕೆಳಗಲ್ಲ," ಎಂದು ಕಾಗದದ ಮೇಲುಮೈಗೆ ನೇರವಾಗಿ ಊದಿದ. ಜೋತುಬಿದ್ದಿದ್ದ ಕಾಗದ ಮೇಲಕ್ಕೆ ಎದ್ದು ಅಡ್ಡಡ್ಡಲಾಗಿ ನಿಂತು ಪಟಪಟ ಎಂದಿತು. ಊದುವುದು ನಿಲ್ಲಿಸಿದ, ಬಿತ್ತು. ಮತ್ತೆ ಊದಿದ, ಎದ್ದಿತು.

"ಮೇಲೆ ಗಾಳಿ ಓಡಿದ್ರೆ ಹಾಳೆನ ಎಳ್ಕೊಳ್ತೈತೆ. ಕೆಳಗೆ ಇರೋ ಗಾಳಿ ನೂಕ್ತೈತೆ. ಬಾಗಿಲು ತೆಗೆದು ಒಳಗೂ ಗಾಳಿ ತುಂಬಿಸಿದ್ರೋ, ಎರಡೂ ಸೇರಿ ಒಂದೇ ಕೆಲಸ ಮಾಡ್ತಾವೆ. ಅಂಚಿನಾಗೆ ಮೊದಲು ಬಿಚ್ಚೋದು. ಅದಕ್ಕೆ ಕಲ್ಲು ಅಂಚಿಗೆ. ಗಾಳಿ ಬಂದಾಗ ಗಾಳಿ ಕಡೆ ಬಾಗಿಲು ಹಾಕ್ಬೇಕು, ಹಿಂದಿನ ಕಿಟಕಿ ತೆಗೀಬೇಕು. ಮರೀಬ್ಯಾಡ್ರಿ."

ಅತ್ತೆ ಆ ಕಾಗದವನ್ನು ನೋಡಿದರು, ಅವನ ಮುಖವನ್ನು ನೋಡಿದರು. "ಎಲ್ಲಾ ಸರಿ. ಆದ್ರೆ ನಿನ್ನ ತಗಡು ಕಾಗದ ಅಲ್ಲ, ಗಾಳಿ ನಿನ್ನ ಬಾಯಿ ಅಲ್ಲ," ಎಂದು ಒಳಗೆ ಹೋದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಅವನು ಬಿಸಾಡಿದ ಕಾಗದವನ್ನು ಎತ್ತಿಕೊಂಡು, ಯಾರೂ ಇಲ್ಲದಾಗ ಹಿತ್ತಿಲಲ್ಲಿ ಒಮ್ಮೆ ಊದಿ ನೋಡಿದೆ. ಎದ್ದಿತು. ಯಾಕೋ ಮೈ ಜುಮ್ಮೆಂದಿತು. ಮುದುರಿ ಒಲೆಗೆ ಹಾಕಿಬಿಟ್ಟೆ.

ಮಗಳು ಹುಟ್ಟಿದಳು. ಹೆರಿಗೆ ಸುಸೂತ್ರವಾದದ್ದು ಒಂದು, ಮಗು ಕೂಡಲೇ ಅತ್ತದ್ದು ಎರಡು, ಹಾಲು ಬಂದದ್ದು ಮೂರು. ನಾನು ಮಲಗುವ ಮೊದಲು ಬೆರಳ ಗೆಣ್ಣಿನ ಮೇಲೆ ದೇವರ ಉಪಕಾರ ಎಣಿಸುವವಳು. ಅಪ್ಪ ಕಲಿಸಿದ ಅಭ್ಯಾಸ. ಆ ದಿನಗಳಲ್ಲಿ ಎರಡೂ ಕೈಯ ಗೆಣ್ಣು ಸಾಲುತ್ತಿರಲಿಲ್ಲ.

ತಗಡಿನ ಕೋಣೆಯಲ್ಲಿ, ಸೂರಿನ ನಡುತೊಲೆಗೆ ಅತ್ತೆಯ ಹಳೆಯ ಸೀರೆಯ ಜೋಲಿ ಕಟ್ಟಿದರು. ನನ್ನ ಮಂಚದಿಂದ ಕೈ ಚಾಚಿದರೆ ಸಿಗುವಷ್ಟು ಹತ್ತಿರ. ಅದನ್ನು ಆಡಿಸುತ್ತ ಮಲಗಿ ಜಂತೆಗಳನ್ನು ನೋಡುತ್ತಿದ್ದೆ. ತೊಲೆ, ಜಂತೆ, ತಗಡು ಎಲ್ಲವೂ ಒಂದಕ್ಕೊಂದು ಮೊಳೆ ಹೊಡೆದು ಸೇರಿದ್ದವು. ಆದರೆ ತೊಲೆಯ ತುದಿಗಳು ಗೋಡೆಯ ಮೇಲೆ ಸುಮ್ಮನೆ ಕೂತಿದ್ದವು. ಅದನ್ನು ಗೋಡೆಗೆ ಕಬ್ಬಿಣದ ಪಟ್ಟಿಯಿಂದ ಬಿಗಿಯಬೇಕು, ಪಟ್ಟಿ ಮಾಡಿಸಿಕೊಂಡು ಬರುತ್ತೇನೆ ಎಂದು ಆಚಾರಿ ಹೇಳಿಹೋಗಿದ್ದ. ಅವನು ಬರುವ ಮೊದಲೇ ಮುಂಗಾರು ಬಂತು.

ಆಗ ಮಗುವಿಗೆ ಹತ್ತೊಂಬತ್ತು ದಿನ. ಹಿಂದಿನ ಸಂಜೆ ನಾಲ್ಕು ಹನಿ ಉದುರಿತ್ತು. ಬೆಳಿಗ್ಗೆ ಎದ್ದವರೇ ಅತ್ತೆ ಅಂಗಳದಲ್ಲಿ ನಿಂತು ಪಡುವಲ ಕಡೆ ನೋಡಿದರು. ನನ್ನ ಗಂಡ ಮತ್ತು ಮಾವ ಚಳ್ಳಕೆರೆ ಸಂತೆಗೆ ಹೊರಟಿದ್ದರು. ಎತ್ತಿಗೆ ನೊಗ ಹೂಡುತ್ತಿದ್ದರು.

"ಲೇ ಮಗಾ, ಹೋಗೋಕೆ ಮುಂಚೆ ಆ ಕಲ್ಲು ಇಳಿಸಿ ಹೋಗು," ಎಂದರು ಅತ್ತೆ.

"ಆಚಾರಿ ಇರಲಿ ಅಂದಾನಲ್ಲವ್ವಾ."

"ಆಚಾರಿ ಮಗು ಹೆತ್ತಿಲ್ಲ, ಕಳಕೊಂಡಿಲ್ಲ. ಕೂಸಿನ ತಲೆ ಮೇಲೆ ಕಲ್ಲು ಪೇರಿಸಿಟ್ಟು ಸಂತೆಗೆ ಹೋಗ್ತೀಯಾ? ಮಳೆ ಬಂದು ಸೂರು ಕುಸಿದ್ರೆ ಮೊದಲು ಬೀಳೋದು ಆ ಚಪ್ಪಡಿ."

ನನ್ನ ಗಂಡ ಮಾವನ ಮುಖ ನೋಡಿದರು. ಮಾವ ನೊಗ ನೋಡಿದರು. ಮಗಳನ್ನು ಮಣ್ಣಿನಿಂದ ಎತ್ತಿದ ಹೆಂಗಸಿಗೆ ಆ ವಿಷಯದಲ್ಲಿ ಎದುರು ಹೇಳುವವರು ಆ ಮನೆಯಲ್ಲಿ ಯಾರೂ ಇರಲಿಲ್ಲ. ಕಲ್ಲು ಇಳಿದವು. ಹಗ್ಗ ಬಿಚ್ಚಿ ಸುತ್ತಿ ಮೂಲೆಗೆ ಹೋಯಿತು. ಎರಡು ಕವೆಗೋಲು ಬಂದು ನಡುತೊಲೆಯ ಎರಡು ಕಡೆ ಆನಿಕೊಂಡು ನಿಂತವು. ನಾನು ಮಂಚದ ಮೇಲೆ ಕೂತು ಎಲ್ಲ ನೋಡಿದೆ. ಕಾಗದದ ಪಟ್ಟಿ ಕಣ್ಣ ಮುಂದೆ ಬಂತು. ಬಾಯಿ ತೆರೆಯಲಿಲ್ಲ. ಹತ್ತೊಂಬತ್ತು ದಿನದ ಬಾಣಂತಿ, ಎರಡು ಹೊತ್ತು ಬಿಸಿನೀರು ಹೊಯ್ದು, ಪಥ್ಯದ ಅನ್ನ ಕಲಸಿ ಕೊಡುವ ಅತ್ತೆಗೆ ಏನೆಂದು ಹೇಳಲಿ? ಆ ಸುಮ್ಮನಿದ್ದದ್ದನ್ನು ನಾನು ಇವತ್ತಿಗೂ ದೇವರ ಮುಂದೆ ಒಪ್ಪಿಕೊಳ್ಳುತ್ತೇನೆ.

ಮಧ್ಯಾಹ್ನ ಊಟವಾಯಿತು. ಅತ್ತೆ ಅಗ್ಗಿಷ್ಟಿಕೆಗೆ ಕೆಂಡ ಹಾಕಿ, ಸಾಂಬ್ರಾಣಿ ಉದುರಿಸಿ, ಮಗುವಿಗೆ ಹೊಗೆ ಹಿಡಿದು, ಜೋಲಿಗೆ ಹಾಕಿದರು. ಬಾಗಿಲು ತೆರೆದೇ ಇತ್ತು. ಹೊರಗೆ ಬಿಸಿಲು ಹಳದಿಗೆ ತಿರುಗಿತು, ಆಮೇಲೆ ಕೆಂಪಾಯಿತು. ಗಾಳಿ ಪೂರಾ ನಿಂತುಹೋಯಿತು. ಕಾವಲಿನ ದನಗಳು ತಾವಾಗಿಯೇ ಗುಂಪುಗೂಡಿ ಊರಿನ ಕಡೆ ಮುಖ ಮಾಡಿ ನಿಂತಿದ್ದವು.

"ಬಂತು," ಎಂದರು ಅತ್ತೆ. ಬಾಗಿಲನ್ನು ಇನ್ನಷ್ಟು ಅಗಲಕ್ಕೆ ತೆಗೆದು, ಮುಚ್ಚಿಕೊಳ್ಳದಂತೆ ಕಲ್ಲು ಒಡ್ಡಿದರು. ಕಿಟಕಿಯಿಂದ ಎರಚಲು ಬರುತ್ತದೆಂದು ಅದನ್ನು ಮುಚ್ಚಿ ಅಗಳಿ ಹಾಕಿದರು. ಮಣ್ಣಿನ ಮನೆಯಲ್ಲಿ ಇದೆಲ್ಲ ಸರಿ. ಅವರು ಒಂದನ್ನೂ ಮರೆತಿರಲಿಲ್ಲ.

ಮೊದಲು ನಾನು ಕಂಡದ್ದು ಹೊಗೆಯನ್ನು. ಅಗ್ಗಿಷ್ಟಿಕೆಯ ಹೊಗೆ ಅಲ್ಲಿಯವರೆಗೆ ಸೋಮಾರಿಯಂತೆ ಕೋಣೆಯಲ್ಲಿ ಸುತ್ತುತ್ತಿತ್ತು. ಅದು ಇದ್ದಕ್ಕಿದ್ದಂತೆ ದಾರ ಎಳೆದಂತೆ ನೆಟ್ಟಗಾಯಿತು. ನೇರವಾಗಿ ಮೇಲಕ್ಕೆ ಹೋಗಿ, ಗೋಡೆಗೂ ತಗಡಿಗೂ ನಡುವಿನ ಸಂದಿಯಲ್ಲಿ ಸರ್ರೆಂದು ಹೊರಗೆ ನುಗ್ಗಿತು. ಯಾರೋ ಹೊರಗೆ ಕೂತು ಬಾಯಿಂದ ಎಳೆದುಕೊಳ್ಳುತ್ತಿದ್ದಂತೆ. ಕಿವಿ ಗಪ್ಪೆಂದು ಮುಚ್ಚಿಕೊಂಡವು.

ಆಮೇಲೆ ಗಾಳಿ ಬಂತು. ಧೂಳಿನ ಗೋಡೆಯೊಂದು ಬಾಗಿಲಿನಲ್ಲಿ ಒಳಗೆ ನಡೆದು ಬಂದಂತೆ ಬಂತು. ತಗಡೆಲ್ಲ ಒಟ್ಟಿಗೆ ಗುಡುಗಿತು. ಅತ್ತೆ ಏನೋ ಕೂಗಿದರು, ಬಾಯಿ ಅಲ್ಲಾಡಿದ್ದು ಕಂಡಿತು, ಮಾತು ಕೇಳಲಿಲ್ಲ. ಮೂಲೆಯಲ್ಲಿ ಒಂದು ತಗಡಿನ ಅಂಚು ಎದ್ದು ಬಡಿಯತೊಡಗಿತು. ಎದ್ದಾಗ ಅಲ್ಲಿ ಆಕಾಶ ಕಾಣುತ್ತಿತ್ತು, ಬಿದ್ದಾಗ ಕತ್ತಲಾಗುತ್ತಿತ್ತು. ಆಕಾಶ, ಕತ್ತಲು, ಆಕಾಶ, ಕತ್ತಲು.

ಆಗ ಜೋಲಿ ಎದ್ದಿತು.

ತೂಗಿದ್ದಲ್ಲ. ಎದ್ದದ್ದು. ನನ್ನ ಕಣ್ಣ ಮಟ್ಟದಲ್ಲಿದ್ದ ಮಗುವಿನ ಗಂಟು ಒಂದು ಗೇಣು ಮೇಲೆ ಹೋಗಿ, ಅಲ್ಲೇ ನಿಂತು, ದಪ್ಪೆಂದು ಕೆಳಗಿಳಿಯಿತು. ಯಾರ ಕೈಯೂ ಅದರ ಮೇಲಿರಲಿಲ್ಲ. ಮತ್ತೆ ಎದ್ದಾಗ ನಾನು ಮೇಲೆ ನೋಡಿದೆ. ನಡುತೊಲೆ ಗೋಡೆಯ ಮೇಲಿರಲಿಲ್ಲ. ಗೋಡೆಗೂ ಅದಕ್ಕೂ ನಡುವೆ ಬೆಳಕಿನ ಪಟ್ಟಿ ಇತ್ತು. ಇಡೀ ಸೂರು, ತೊಲೆ ಜಂತೆ ಸಮೇತ, ನನ್ನ ಮಗಳನ್ನು ಕಟ್ಟಿಕೊಂಡು ಮೇಲೆದ್ದಿತ್ತು. ಒಂದು ಕವೆಗೋಲು, ತಾನು ಆತುಕೊಳ್ಳಲು ಏನೂ ಇಲ್ಲದೆ, ವಾಲಿ, ನನ್ನ ಮಂಚದ ಕಾಲಿಗೆ ಬಡಿದು ಬಿತ್ತು.

ಬೀಳುವ ಸೂರಿಗೆ ನಾವು ಕೋಲು ಕೊಟ್ಟಿದ್ದೆವು. ಇದು ಬೀಳುವ ಸೂರಾಗಿರಲಿಲ್ಲ.

ಹೇಗೆ ಎದ್ದೆನೋ ಗೊತ್ತಿಲ್ಲ. ಎರಡು ಕೈಯಿಂದ ಜೋಲಿಯನ್ನು ತಬ್ಬಿ ಹಿಡಿದೆ. ಸೀರೆ ನನ್ನ ತೋಳಿನಲ್ಲಿ ಮತ್ತೆ ಬಿಗಿದು ಮೇಲಕ್ಕೆ ಎಳೆಯಿತು. ದೊಡ್ಡ ಪ್ರಾಣಿಯೊಂದು ಹಗ್ಗ ಜಗ್ಗಿದಂತೆ. ಹನುಮಪ್ಪಾ, ಇವನು ನಿಮ್ಮಪ್ಪ ಅಲ್ಲವೇನಪ್ಪಾ, ನೀನಾದರೂ ಒಂದು ಮಾತು ಹೇಳು, ಎಂದು ಬಾಯಿಗೆ ಬಂತು. ವಾಯುದೇವರನ್ನೇ ಮಗನ ಹತ್ತಿರ ದೂರಿದ್ದಕ್ಕೆ ಆಮೇಲೆ ತಪ್ಪುಕಾಣಿಕೆ ಇಟ್ಟೆ. ಸೂರು ದಪ್ಪೆಂದು ಕೂತಾಗ ಸೀರೆ ಸಡಿಲವಾಯಿತು. ಅಷ್ಟರಲ್ಲಿ ಮಗುವನ್ನು ಹೊರಗೆಳೆದುಕೊಂಡೆ.

ಅತ್ತೆ ನನ್ನ ರಟ್ಟೆ ಹಿಡಿದು ಬಾಗಿಲಿನ ಕಡೆ ಎಳೆದರು. ಈಗ ಅವರ ಬಾಯಿ ನನ್ನ ಕಿವಿಯ ಹತ್ತಿರವಿತ್ತು. "ಓಡೇ! ಹೊರಗೆ ಓಡೇ! ದೊಡ್ಡಮನೆಗೆ ಓಡು!"

"ಬ್ಯಾಡ ಅತ್ತೆ! ಬಾಗಿಲು ಹಾಕ್ರಿ!"

"ಹುಚ್ಚಿಯೇನೇ? ಬಾಗಿಲು ಹಾಕ್ಕೊಂಡು ಒಳಗೇ ಸಾಯ್ತೀಯಾ? ನನ್ನ ಮಗಳು ಒಳಗಿದ್ದೇ ಸತ್ತದ್ದು!"

"ಇದು ಬೀಳಲ್ಲ ಅತ್ತೆ, ಏಳ್ತೈತೆ! ನೋಡ್ರಿ ಮೇಲೆ! ಒಳಗೆ ಬರೋ ಗಾಳಿನೇ ಎತ್ತುತೈತೆ!"

ಅವರು ಮೇಲೆ ನೋಡಿದರು. ಆ ಕ್ಷಣವೇ ಸೂರು ಮತ್ತೆ ಎದ್ದಿತು. ಬೆಳಕಿನ ಪಟ್ಟಿ ಅವರ ಮುಖದ ಮೇಲೆ ಬಿತ್ತು. ಇಡೀ ಬಾಳು ಸೂರು ಕೆಳಗೆ ಬರುವುದನ್ನೇ ಕಾದುಕೊಂಡಿದ್ದ ಹೆಂಗಸು ಅದು ಮೇಲೆ ಹೋಗುವುದನ್ನು ನೋಡಿದ ಮುಖ ಅದು. ನನ್ನ ರಟ್ಟೆಯ ಮೇಲಿದ್ದ ಹಿಡಿತ ಬಿಟ್ಟುಹೋಯಿತು.

ನಾನು ಮಗುವನ್ನು ಎಡಗೈಗೆ ಹಾಕಿಕೊಂಡು, ಬಾಗಿಲಿಗೆ ಒಡ್ಡಿದ್ದ ಕಲ್ಲನ್ನು ಕಾಲಿನಿಂದ ಒದ್ದೆ. ಕದಲಲಿಲ್ಲ. ಬಾಣಂತಿಯ ಕಾಲಿನಲ್ಲಿ ಎಷ್ಟು ಬಲವಿರುತ್ತದೆ. ಆಗ ಅತ್ತೆ ಬಗ್ಗಿ ಎರಡು ಕೈಯಿಂದ ಅದನ್ನು ಎತ್ತಿ ಪಕ್ಕಕ್ಕೆ ಎಸೆದರು. ಇಬ್ಬರೂ ಬೆನ್ನು ಕೊಟ್ಟು ಬಾಗಿಲು ನೂಕಿದೆವು. ಗಾಳಿ ಆ ಕಡೆಯಿಂದ ನೂಕಿತು. ಅರ್ಧ ಮುಚ್ಚಿ ಮತ್ತೆ ತೆರೆಯಿತು. ಅತ್ತೆಯ ಕಾಲು ಸಗಣಿ ಸಾರಿಸಿದ ನೆಲದ ಮೇಲೆ ಜಾರಿತು, ಕೂತೇಬಿಟ್ಟರು, ಕೂತಲ್ಲಿಂದಲೇ ಕಾಲನ್ನು ಮಂಚಕ್ಕೆ ಒತ್ತಿ ಬೆನ್ನಿನಿಂದ ನೂಕಿದರು. ಬಾಗಿಲು ಕೂತಿತು. ಅಗಳಿ ಬಿತ್ತು.

"ಕಿಟಕಿ ಅತ್ತೆ!"

"ಎರಚಲು..." ಎಂದರು, ಅಭ್ಯಾಸದಿಂದ. ಹೇಳಿ ಮುಗಿಸಲಿಲ್ಲ. ತಾವೇ ಎದ್ದು ಹೋಗಿ ಕಿಟಕಿ ತೆರೆದರು.

ಒಳಗಿನ ಧೂಳು ಆ ಕಿಟಕಿಯಿಂದ ಹೊರಗೆ ಹರಿದು ಹೋಯಿತು. ಸೂರು ಇನ್ನೊಂದು ಸಲ ಎದ್ದಿತು. ಈ ಸಲ ಗೇಣಲ್ಲ, ನಾಲ್ಕು ಬೆರಳು. ಸೊಟ್ಟಗೆ ಕೂತಿತು. ನಡುಗಿತು, ಬಡಿದುಕೊಂಡಿತು, ಆದರೆ ಗೋಡೆ ಬಿಡಲಿಲ್ಲ. ಮೂಲೆಯ ಆ ಒಂದು ತಗಡು ಮಾತ್ರ ಬಟ್ಟೆ ಹರಿದಂತೆ ಸದ್ದು ಮಾಡಿ ಕಿತ್ತುಹೋಯಿತು. ಆ ತೂತಿನಿಂದ ಮಳೆ ಒಳಗೆ ಸುರಿಯಿತು. ಅಗ್ಗಿಷ್ಟಿಕೆಯ ಕೆಂಡ ಚುಂಯ್ ಎಂದು ಆರಿತು. ಕೆಂಡ ಹಾರಿ ಹಾಸಿಗೆಗೆ ಬೀಳುವ ಮೊದಲೇ ಮಳೆ ಬಂದು ಆರಿಸಿತಲ್ಲ ಎಂದು ನಾನು ಆ ನಡುಕದಲ್ಲೂ ಗೆಣ್ಣು ಮುಟ್ಟಿದೆ.

ನಾವು ಮಂಚದ ಕೆಳಗೆ ತೂರಿದೆವು. ಅತ್ತೆ, ನಾನು, ನಮ್ಮಿಬ್ಬರ ನಡುವೆ ಮಗು. ಎಷ್ಟು ಹೊತ್ತು ಎಂದು ಹೇಳಲಾರೆ. ಒಂದೊಂದು ಸಲ ತಗಡು ಬಡಿದಾಗಲೂ ಅತ್ತೆಯ ಕೈ ಮಗುವಿನ ಮೇಲೆ ಕೊಡೆಯಂತೆ ಬಾಗುತ್ತಿತ್ತು. ಆ ಗದ್ದಲದಲ್ಲಿ ಮಗು ಹಾಲು ಕುಡಿಯಿತು. ಅದೊಂದು ಆಶ್ಚರ್ಯ.

ಗಾಳಿ ಮಳೆ ತಗ್ಗಿದ ಮೇಲೆ ಬಾಗಿಲು ತೆರೆದೆವು. ಬಾಗಿಲಿನಿಂದ ದೊಡ್ಡ ಮನೆಯ ಹಿಂಬಾಗಿಲಿಗೆ ಹೋಗುವ ಹತ್ತು ಹೆಜ್ಜೆಯ ಹಾದಿಯಲ್ಲಿ, ಸರಿಯಾಗಿ ನಡುವೆ, ಕಿತ್ತುಹೋದ ತಗಡು ನಿಂತಿತ್ತು. ಮೊದಲು ಮೇಲಕ್ಕೆ ಹೋಗಿ, ದೊಡ್ಡ ಮನೆಯ ಗೋಡೆಗೆ ಬಡಿದು ತಿರುಗಿ ಬಿದ್ದಿರಬೇಕು. ಅದರ ಒಂದು ಮೂಲೆ ಒದ್ದೆ ನೆಲದೊಳಗೆ ಮೊಳದಷ್ಟು ಹೂತುಹೋಗಿತ್ತು. ಅತ್ತೆ ಅದನ್ನು ಅಲ್ಲಾಡಿಸಿ ನೋಡಿದರು. ಬರಲಿಲ್ಲ. ನನ್ನನ್ನು ಅವರು ಎಳೆದದ್ದು ಅದೇ ಹಾದಿಗೆ.

ಅವರು ಅಲ್ಲೇ ಕೆಸರಿನಲ್ಲಿ ಕೂತುಬಿಟ್ಟರು. ಅಳಲಿಲ್ಲ. ಕೈಯೂರಿ ಎದ್ದು "ಒಳಗೆ ಹೋಗು, ಬಾಣಂತಿ ನೀನು, ಥಂಡಿ," ಎಂದರು. ನನ್ನನ್ನೂ ಮಗುವನ್ನೂ ದೊಡ್ಡ ಮನೆಯ ಒಳಕ್ಕೆ, ಆ ಮಣ್ಣಿನ ಮಾಳಿಗೆಯ ಕೆಳಕ್ಕೆ, ತಾವೇ ಕರೆದುಕೊಂಡು ಹೋಗಿ ಮಲಗಿಸಿದರು. ಅದು ಅವರಿಗೆ ಎಷ್ಟು ಕಷ್ಟವಾಗಿತ್ತೆಂದು ನನಗೆ ಗೊತ್ತು. ಮಲಗಿಸಿದ ಮೇಲೆ ಹೊರಗೆ ಹೋದರು.

ಗಾಡಿ ಬಂದ ಸದ್ದು ಕೇಳಿಸಿದಾಗ ಇನ್ನೂ ಬೆಳಕಿತ್ತು. ಮಾವನ ಗಂಟಲು ಹಿತ್ತಿಲಿನಿಂದ ಕೇಳಿತು. "ಏನೇ ಇದು? ಏಣಿ ಮೇಲೆ ಏನ್ ಮಾಡ್ತಿದೀಯ ಈ ವಯಸ್ಸಿನಾಗೆ?"

"ಕಲ್ಲು ಇಡ್ತಾ ಇದೀನಿ," ಎಂದಿತು ಅತ್ತೆಯ ದನಿ. "ನೋಡ್ತಾ ನಿಂತೀರಾ? ಆ ದೊಡ್ಡ ಚಪ್ಪಡಿ ಎತ್ತಿಕೊಡ್ರಿ. ಮಧ್ಯಕ್ಕಲ್ಲ, ಅಂಚಿಗೆ."

"ಬೆಳಿಗ್ಗೆ ಇಳಿಸು ಅಂದೋಳು ನೀನೇ ಅಲ್ಲವೇನೇ?"

"ಹೂಂ, ನಾನೇ. ಈಗ ಏರಿಸು ಅಂತಿರೋಳೂ ನಾನೇ. ಕೂಸು ಉಳಿದೈತೆ. ಬಾಯಿ ಮುಚ್ಚಿಕೊಂಡು ಕಲ್ಲು ಕೊಡ್ರಿ."

ಆಚಾರಿ ಮುಂದಿನ ವಾರ ಕಬ್ಬಿಣದ ಪಟ್ಟಿ ತಂದ. ಸೊಟ್ಟಗಾದ ತೊಲೆ ನೋಡಿದ, ನೆಲದಲ್ಲಿನ ತಗಡಿನ ಗಾಯ ನೋಡಿದ. ನಾನು ಹೇಳಲಿಲ್ಲವೇ ಎಂಬ ಒಂದು ಮಾತು ಅವನ ಬಾಯಿಂದ ಬರಲಿಲ್ಲ. ದೊಡ್ಡತನ. ತೊಲೆಯ ತುದಿಗಳನ್ನು ಗೋಡೆಯ ಕಲ್ಲಿಗೆ ಬಿಗಿದು, ಹಗ್ಗ ಮತ್ತೆ ಹಾಯಿಸಿ, ಕೆಳಗಿಳಿದಾಗ ಅತ್ತೆ ಅವನಿಗೆ ಮಜ್ಜಿಗೆ ಕೊಟ್ಟು, "ಆ ಕಾಗದ ಐತೇನಪ್ಪಾ?" ಎಂದರು. ಅವನು ಒಂದು ಪಟ್ಟಿ ಹರಿದು ಕೊಟ್ಟ. ಅತ್ತೆ ಅದನ್ನು ತುಟಿಯ ಕೆಳಗೆ ಹಿಡಿದು ಊದಿದರು. ಹಲ್ಲಿಲ್ಲದ ಬಾಯಿ, ಗಾಳಿ ಪಕ್ಕಕ್ಕೆ ಹೋಯಿತು. ಮೂರನೆಯ ಸಲ ಎದ್ದಿತು. ಅವರು ನಗುತ್ತಾರೆಂದು ನಾನು ಅಂದುಕೊಂಡಿದ್ದೆ. ನಗಲಿಲ್ಲ, ಸೂರಿನ ಅಂಚಿನ ಕಲ್ಲುಗಳ ಕಡೆ ನೋಡಿದರು. "ಇಷ್ಟು ಸಣ್ಣಗೆ ಊದಿದ್ದಕ್ಕೇ," ಎಂದರು.

ಈಚೆಗೆ ಮಾಸ್ತರಿಕೆ ಮಾಡುವ ನನ್ನ ಅಣ್ಣನ ಮಗ ಬಂದಿದ್ದಾಗ ಇದನ್ನು ಕೇಳಿದೆ. ವೇಗವಾಗಿ ಓಡುವ ಗಾಳಿಯ ಒತ್ತಡ ಕಡಿಮೆಯಾಗುತ್ತದೆ, ಒಳಗೆ ನಿಂತ ಗಾಳಿಯ ಒತ್ತಡ ಹೆಚ್ಚಿರುತ್ತದೆ, ಹೆಚ್ಚು ಇರುವುದು ಕಡಿಮೆಯ ಕಡೆಗೆ ನೂಕುತ್ತದೆ ಅತ್ತೆ, ಎಂದು ಸ್ಲೇಟಿನ ಮೇಲೆ ಬಾಣ ಬರೆದು ತೋರಿಸಿದ. ಸರಿಯಾಗಿಯೇ ಹೇಳಿದ. ಆಚಾರಿ ಹೇಳಿದ್ದೂ ಅದೇ. ಆದರೆ ಕಬ್ಬಿಣದ ತಗಡು, ಮರದ ತೊಲೆ, ಜಂತೆ, ಇಷ್ಟನ್ನೂ ಎತ್ತುವ ಬಲ ಕಣ್ಣಿಗೆ ಕಾಣದೆ ನಮ್ಮ ತಲೆಯ ಮೇಲೆ ದಿನವೂ ಸುಮ್ಮನೆ ಹಾದುಹೋಗುತ್ತಿದೆ ಎಂಬುದನ್ನು ಯಾವ ಬಾಣ ಬರೆದು ತೋರಿಸಿದರೂ ನನಗೆ ಧೈರ್ಯ ಬರುವುದಿಲ್ಲ. ಎಷ್ಟೋ ದಿನ ಅದು ಎತ್ತದೆ ಬಿಟ್ಟಿದೆ. ಆ ದಿನಗಳನ್ನು ಎಣಿಸಲು ಗೆಣ್ಣು ಸಾಲುವುದಿಲ್ಲ.

ಜೋಲಿಯ ವಿಷಯ ಹೇಳಿ ಮುಗಿಸುತ್ತೇನೆ. ಅದನ್ನು ಅತ್ತೆ ಮತ್ತೆ ಯಾವ ಸೂರಿಗೂ ಕಟ್ಟಲು ಬಿಡಲಿಲ್ಲ. ತಗಡಿಗೂ ಇಲ್ಲ, ಮಾಳಿಗೆಗೂ ಇಲ್ಲ. ಆ ಎರಡು ಕವೆಗೋಲುಗಳನ್ನು ದೊಡ್ಡ ಮನೆಯ ನಡುಮನೆಯಲ್ಲಿ ನೆಲಕ್ಕೆ ಆಳವಾಗಿ ನೆಡಿಸಿ, ಮೇಲಿನ ಕವೆಗಳಲ್ಲಿ ಒಂದು ಅಡ್ಡಗೋಲು ಇಡಿಸಿ ಬಿಗಿದು, ಅದಕ್ಕೆ ಸೀರೆ ಕಟ್ಟಿದರು. ಸೂರು ಬಿದ್ದರೂ ಎದ್ದರೂ ಅದರ ಪಾಡಿಗೆ ಅದು, ಕೂಸು ನೆಲಕ್ಕೆ ಸೇರಿದ್ದು, ಎಂದರು. ನನ್ನ ಆರು ಮಕ್ಕಳೂ ಅದರಲ್ಲೇ ಬೆಳೆದರು. ಆರೂ ಉಳಿದವು. ನಮ್ಮ ಕಾಲಕ್ಕೆ ಅದು ಸಣ್ಣ ಉಪಕಾರವಲ್ಲ.

ಆದರೂ ಯಾರ ಮನೆಗೆ ಹೋದರೂ, ಜೋಲಿ ಅಲ್ಲಾಡುವುದು ಕಂಡರೆ, ಮಗುವಿನ ಮುಖಕ್ಕಿಂತ ಮೊದಲು ನಾನು ಹುಡುಕುವುದು ಅದನ್ನು ಆಡಿಸುತ್ತಿರುವ ಕೈಯನ್ನು.